ಗಾದಿಗೆ ಕೂಡಿಸಿದವರು

ಗಂಡ ಈರಬಸಪ್ಪ ತೀರಿಕೊಂಡ ಮೇಲೆ ಪುಣೆಯ ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ಅಂಗಡಿ ಪಾರವ್ವನದಾಯಿತು. ಆದರೆ ಹೆಂಗಸು ಗಾದಿಯ ಮೇಲೆ ಕೂತು ವ್ಯಾಪಾರ ಮಾಡುವ ರೂಢಿ ಆ ಪೇಟೆಯಲ್ಲಿರಲಿಲ್ಲ. ಗಾದಿ ಖಾಲಿ ಬಿಡುವಂತೆಯೂ ಇರಲಿಲ್ಲ. ಅದಕ್ಕೇ ಆಕೆ ನಾಲ್ಕು ಮಂದಿ ವ್ಯಾಪಾರಿಗಳನ್ನು ಕರೆದು, ಎಲೆ ಅಡಿಕೆ ಕೊಟ್ಟು, ಅವರೆದುರಿಗೆ ಮೈದುನ ಭುಜಂಗನನ್ನು ಕೂಡಿಸಿದಳು.

ಅವತ್ತು ಬೆಳಿಗ್ಗೆಯೇ ಅಡಿಗೆಮನೆಯಲ್ಲಿ ಅವನಿಗೆ ಹೇಳಿದ್ದಳು, "ನನ್ನ ಕೇಳದ ಯಾರಿಗೂ ಮಾತು ಕೊಡಬ್ಯಾಡ ನೋಡಪಾ."

"ಆತು ವೈನಿ," ಎಂದಿದ್ದ ಭುಜಂಗ.

ಒಲೆ ಕೇಳಿಸಿಕೊಂಡಿತು, ಪಾತ್ರೆ ಪಗಡ ಕೇಳಿಸಿಕೊಂಡವು. ಪೇಟೆ ಕೇಳಿಸಿಕೊಳ್ಳಲಿಲ್ಲ.

ಭುಜಂಗ ಕೆಟ್ಟವನಲ್ಲ. ಯಾರಿಗೂ ಇಲ್ಲ ಎನ್ನಲು ಬಾರದವನು, ಅಷ್ಟೇ. ಅಂಥವರನ್ನು ಊರೆಲ್ಲ ಹೊಗಳುತ್ತದೆ, ಮನೆಯವರು ಅನುಭವಿಸುತ್ತಾರೆ. ತೊಂಬತ್ತೆಂಟರ ಬೇಸಿಗೆಯಲ್ಲಿ ಪುಣೆ ಹತ್ತಿರದ ಶಿರೂರಿನಲ್ಲಿ ಮಸಾಲೆ ಗಿರಣಿ ಇಟ್ಟಿದ್ದ ಧರ್ಮರಾಜ ಬಂದು ಕೇಳಿದಾಗ, ಕೋಲ್ಡ್ ಸ್ಟೋರೇಜಿನಲ್ಲಿದ್ದ ಬ್ಯಾಡಗಿ ಮೆಣಸಿನಕಾಯಿಯನ್ನೆಲ್ಲ ಅಂದಿನ ದರಕ್ಕೇ ಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟ. ಹಿಂದೆಯೇ ಬ್ಯಾಡಗಿ ಕಡೆ ಅಕಾಲದ ಮಳೆ ಬಿತ್ತು. ಒಣಗಲು ಹಾಕಿದ ಮಾಲೆಲ್ಲ ಕೊಳೆತು ದರ ಮುಗಿಲಿಗೇರಿತು. ಗಂಡನ ಕಾಯಿಲೆ ಉಳಿದದ್ದನ್ನೆಲ್ಲ ನುಂಗಿತ್ತು. ಪಾರವ್ವನಿಗೆ ಉಳಿದದ್ದು ಆ ಮಾಲೊಂದೇ. ಹಳೆಯ ದರಕ್ಕೆ ಅದು ಹೋದರೆ ಬರುವ ಸುಗ್ಗಿಗೆ ಖರೀದಿಯಿಲ್ಲ, ಅಂಗಡಿಯೂ ಇಲ್ಲ.

ಆಕೆ ಸ್ವಾರಗೇಟದ ಹತ್ತಿರ ವಕೀಲ ಬಿಂದುಮಾಧವರಲ್ಲಿಗೆ ಓಡಿದಳು. "ಮಾತು ಕೊಡೋ ಅಧಿಕಾರ ನಾ ಅವಗ ಕೊಟ್ಟೇ ಇಲ್ಲರಿ!"

"ಗಾದಿಗೆ ಕೂಡಿಸಿದವ್ರು ಯಾರ್ರಿ?"

"ನಾನೇ."

"ಅದೇ ಅಧಿಕಾರ ನೋಡ್ರಿ. ಕಾಗದಾನೇ ಬೇಕಂತಿಲ್ಲ. ಮಂದಿ ಮುಂದ ನೀವೇ ಕೂಡಿಸಿದ್ರಿ, ಮಂದಿ ನಂಬಿದ್ರು. ಅಡಗಿಮನ್ಯಾಗ ನೀವು ಹಾಕಿದ ಕಟ್ಟು ಹೊರಗಿನವ್ರಿಗೆ ಹೆಂಗ ಗೊತ್ತಾಗಬೇಕು?" ವಕೀಲರು ಕನ್ನಡಕ ತೆಗೆದರು. "ಧರ್ಮರಾಜಗ ಆ ಕಟ್ಟು ಮೊದಲೇ ಗೊತ್ತಿತ್ತು ಅಂತಾದ್ರ ಮಾತ್ರ ನೀವು ಉಳೀತೀರಿ."

ಆ ದಾರಿಯೂ ಮುಚ್ಚಿದೆಯೆಂದು ಪಾರವ್ವನಿಗೆ ಗೊತ್ತಿತ್ತು. ಯಾಕೆಂದರೆ ಧರ್ಮರಾಜ ವ್ಯವಹಾರ ಕುದುರಿಸುವ ಮೊದಲು ಆಕೆಯ ಮನೆಗೇ ಬಂದಿದ್ದ. "ಭುಜಂಗಪ್ಪ ಅಂದದ್ದು ಅಂಗಡಿ ಅಂದಂಗೇ ಏನ್ರಿ, ಅವ್ವಾರ?" ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿದ್ದ. ಭುಜಂಗ ಪಕ್ಕದಲ್ಲೇ ಕೂತಿದ್ದ. ಪರರೆದುರು ಮೈದುನನ ಮಾನ ಕಳೆಯುವುದು ಹೇಗೆ? "ಹೌದ್ರಿ, ಅವರ ಮಾತೇ ನಮ್ಮ ಮಾತು," ಎಂದಿದ್ದಳು. ಮನೆತನದ ಮರ್ಯಾದೆಗಾಗಿ ಆಡಿದ ಮಾತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆದರೆ ಅಲ್ಲಿದ್ದವರು ಆ ಮೂವರೇ, ಬೇರೆ ಸಾಕ್ಷಿಯಿಲ್ಲ. ಅದನ್ನು ನೆನೆದಾಗ ಪಾರವ್ವನಿಗೆ ಆಸೆ ಹುಟ್ಟಿತು. ಹುಟ್ಟಿದ್ದಕ್ಕೆ ತನ್ನ ಮೇಲೇ ಹೇಸಿಗೆಯೂ ಆಯಿತು. ಭುಜಂಗನಿಗೆ ವಕೀಲರು ಅಂದದ್ದನ್ನಷ್ಟೇ ಹೇಳಿದಳು. ಸುಳ್ಳಾಡು ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ.

ಮಾಲಿನ ತಕರಾರಿಗೆ ವ್ಯಾಪಾರಿಗಳ ಪಂಚಾಯ್ತಿ ಅಂಗಡಿಯಲ್ಲೇ ಕೂಡಿತು. ಬಾಗಿಲತನಕ ಪೇಟೆಯ ಮಂದಿ ನಿಂತಿದ್ದರು. ಹಿರಿಯ ವ್ಯಾಪಾರಿ ರಾಮಲಿಂಗಪ್ಪ ಭುಜಂಗನನ್ನು ಕೇಳಿದರು, "ವೈನೀನ ಕೇಳದ ಮಾತು ಕೊಡೂವಂಗಿಲ್ಲ ಅಂತ ಧರ್ಮರಾಜಗ ಹೇಳಿದ್ದೇನು?"

ಭುಜಂಗ ಒಮ್ಮೆ ಅತ್ತಿಗೆಯ ಮುಖ ನೋಡಿದ. "ಹೇಳಿದ್ದೆರಿ," ಎಂದ.

ಧರ್ಮರಾಜ ಕೂಗಾಡಲಿಲ್ಲ. ಕೂಗಾಡಿದ್ದರೆ ಪಾರವ್ವನಿಗೆ ಹಗುರಾಗುತ್ತಿತ್ತು. "ಅವ್ವಾರ, ನೀವು ಹೇಳ್ರಿ. ನೀವು ಹೇಳಿದ್ದಕ್ಕ ನಾ ಒಪ್ಪಿ ಹೋಗ್ತೀನಿ," ಎಂದಷ್ಟೇ ಅಂದ.

ಅಂಗಡಿ ಉಳಿಯಬೇಕಾದರೆ ಪಾರವ್ವ ಹೌದೆಂದು ತಲೆಯಾಡಿಸಿದ್ದರೂ ಸಾಕಿತ್ತು. "ಇಲ್ಲರಿ," ಎಂದಳು, "ಅವ ಏನೂ ಹೇಳಿರಲಿಲ್ಲ. ಅವರ ಮಾತೇ ನಮ್ಮ ಮಾತು ಅಂತ ನಾನೇ ಅಂದಿದ್ದೆ. ಮಾಲು ಒಯ್ಯಿರಿ."

ಬಾಗಿಲಲ್ಲಿದ್ದವರು ಭುಜಂಗನ ಕಡೆ ತಿರುಗಿದರು. ಅವನು ಪೇಟೆಯೆದುರು ಸುಳ್ಳನಾಗಿ ನಿಂತಿದ್ದ.

ರಾಮಲಿಂಗಪ್ಪ ಗಂಟಲು ಸರಿಮಾಡಿಕೊಂಡರು. "ಇನ್ನ ಮುಂದ ಇವನ ಮಾತು ನಡೀತದೋ ಇಲ್ಲೋ, ಅದನ್ನೂ ಎಲ್ಲಾರ ಮುಂದ ಅಂದುಬಿಡ್ರಿ. ಇಲ್ಲಂದ್ರ ನಾಳೆ ಮತ್ತೊಬ್ಬ ಬರ್ತಾನ."

ಪಾರವ್ವ ನೆಲ ನೋಡುತ್ತಾ ಹೇಳಿದಳು, "ನಡಿಯೂದಿಲ್ಲರಿ. ಇವತ್ತಿನಿಂದ ಭುಜಂಗನ ಮಾತು ಅಂಗಡಿ ಮಾತಲ್ಲ."

ಭುಜಂಗ ಗಾದಿಯಿಂದ ಇಳಿದು ಚಪ್ಪಲಿ ಮೆಟ್ಟಿದ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ.

"ಇದನ್ನ ಅವತ್ತ ಮನ್ಯಾಗೇ ಅಂದಿದ್ರ ಒಬ್ಬನ ಮುಂದ ಅಷ್ಟೇ ಸಣ್ಣಾವ ಆಗ್ತಿದ್ದೆ, ವೈನಿ."

ಮಂದಿ ಸರಿದು ಅವನಿಗೆ ದಾರಿ ಬಿಟ್ಟರು.