ಎತ್ತು ಎಳೆದ ಕಾರು

ಸ್ವಲ್ಪ ಕೂತು ಇದನ್ನು ಪೂರ್ತಿ ಕೇಳಿ, ನಡುವೆ ಎದ್ದರೆ ನಿಮಗೇ ನಷ್ಟ.

ಎಂಬತ್ತೆಂಟನೇ ಇಸವಿ. ಕುರುಗೋಡಿನ ಮೆಣಸಿನಕಾಯಿ ವ್ಯಾಪಾರಿ ಗಾದಿಲಿಂಗಪ್ಪ ಮೂರು ವರ್ಷದ ಹಿಂದೆ ಸಣ್ಣ ಕಾರೊಂದನ್ನು ಕೊಂಡಿದ್ದ. ಹೊಸದರಲ್ಲಿ ಕೊಂಡ ಬೆಲೆಯ ಮೇಲೆ ಐದು ಸಾವಿರ ಕೊಡುತ್ತೇವೆಂದು ಬೆನ್ನು ಬಿದ್ದವರಿದ್ದರು. ಇನ್ನೂ ಏರುತ್ತದೆಂದು ಅವನು ಹೆಂಡತಿ ಜಂಬಮ್ಮನನ್ನೂ ಅದರಲ್ಲಿ ಕೂರಿಸದೆ ಕಾದ. ಅಷ್ಟರಲ್ಲಿ ಊರೂರಿಗೂ ಅಂಥ ಕಾರು ಬಂದವು, ರೇಟು ಜಾರುತ್ತಲೇ ಹೋಯಿತು.

ಕೊನೆಗೆ ಬಳ್ಳಾರಿ ಕಂಟೋನ್ಮೆಂಟಿನ ಚಿದಾನಂದಪ್ಪ ಕೊಳ್ಳಲು ಒಪ್ಪಿದ. ಮೀಟರು ಸಾವಿರ ಕಿಲೋಮೀಟರ್ ದಾಟಿರದಿದ್ದರೆ ನಲವತ್ತು ಸಾವಿರ, ದಾಟಿದ್ದರೆ ಮೂವತ್ತೈದು. ಮೀಟರಿನಲ್ಲಿ ಆಗಲೇ ಒಂಬೈನೂರ ಎಂಬತ್ತೈದು. ಬಳ್ಳಾರಿಯೋ ಇಪ್ಪತ್ತೆಂಟು ಕಿಲೋಮೀಟರ್ ದೂರ!

ಇಂಜಿನ್ ಓಡಿದರೆ ತಾನೆ ಮೀಟರು ಓಡುವುದು ಎಂದುಕೊಂಡ ಗಾದಿಲಿಂಗಪ್ಪ, ಬೆಳಿಗ್ಗೆ ಕಾರಿಗೆ ಜೋಡೆತ್ತು ಹೂಡಿದ. ಅವು ಅವನ ಮಾತು ಬಿಟ್ಟು ಬೇರೆಯವರದು ಕೇಳವು. ಹಾಗಾಗಿ ಅವನು ಎತ್ತಿನ ಜೊತೆ ನಡೆದ, ಸ್ಟೇರಿಂಗ್ ಹಿಡಿಯಲು ಜಂಬಮ್ಮ ಕೂತಳು. ಬ್ರೇಕು ಯಾವುದೆಂದಷ್ಟೇ ಹೇಳಿಕೊಟ್ಟ.

ಜನ ಹೊಲದ ಕೆಲಸ ಬಿಟ್ಟು ರಸ್ತೆಗೆ ಬಂದರು. ಇದಕ್ಕೆ ಪೆಟ್ರೋಲೋ ಮೇವೋ ಎಂದು ಒಬ್ಬ ಕೇಳಿದ. ಎರಡೂ ಹಾಕುತ್ತೇವೆ, ಬಾ ಎಂದು ಜಂಬಮ್ಮ ಕಿಟಕಿಯಿಂದಲೇ ಕರೆದಳು. ಒಮ್ಮೆ ಹಾರನ್ನೂ ಹೊಡೆದಳು. ಎತ್ತು ಬೆದರಿ ಗಾದಿಲಿಂಗಪ್ಪನನ್ನೇ ಒಂದಿಷ್ಟು ದೂರ ಓಡಿಸಿದವು.

ಬಳ್ಳಾರಿ ಹತ್ತಿರ ಎತ್ತಿಗೆ ನೀರು ಕುಡಿಸುತ್ತ ಅವನು ಒಳಗೆ ಬಗ್ಗಿ ನೋಡಿದ. ಮೀಟರು ಸಾವಿರದ ಹತ್ತು! ಗಾಲಿ ತಿರುಗಿದರೆ ಸಾಕು, ಅದೂ ತಿರುಗುತ್ತದೆಂದು ಆಗ ತಿಳಿಯಿತು.

"ನೀ ನೋಡಲಿಲ್ಲೇನ?"

"ನೋಡೀನ್ರಿ. ಊರು ದಾಟೂದ್ರಾಗ ತಿರಗಾಕ ಹತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ಇಳಸ್ತಿದ್ರಿ."

ಸಿಟ್ಟು ಮಾಡಲು ಹೋದವನಿಗೆ ನಗು ಬಂತು. ನಕ್ಕು ನಕ್ಕು ರಸ್ತೆಯ ಪಕ್ಕ ಕೂತೇಬಿಟ್ಟ. ಜಂಬಮ್ಮ ಹೇಳಿದಳು: "ಇದು ನಿಂತ್ರೂ ರೇಟು ಇಳಿತೈತಿ, ಓಡಿದ್ರೂ ಇಳಿತೈತಿ. ಓಡೇ ಇಳೀಲಿ ಬಿಡ್ರಿ. ಸಿರುಗುಪ್ಪಕ್ಕ, ನಮ್ಮಕ್ಕನ ಮನಿಗೆ ಹೋಗೋಣು."

ಚಿದಾನಂದಪ್ಪನ ಮನೆ ಇನ್ನು ಎರಡೇ ಮೈಲಿ. ಅಲ್ಲಿ ಮೂವತ್ತೈದು ಸಾವಿರ ಕಾದಿತ್ತು, ಮುಂದಿನ ವರ್ಷ ಅಷ್ಟೂ ಸಿಗುವುದಿಲ್ಲ. ಗಾದಿಲಿಂಗಪ್ಪ ಎತ್ತು ಬಿಚ್ಚಿ ಪರಿಚಯದ ದುರುಗಪ್ಪನ ಕೊಟ್ಟಿಗೆಯಲ್ಲಿ ಕಟ್ಟಿದ, ಕೀಲಿ ತಿರುವಿದ, ಕಾರನ್ನು ಸಿರುಗುಪ್ಪದ ಕಡೆ ಹೊರಳಿಸಿದ.

ನೀವಾಗಿದ್ದರೆ ಯಾವ ಕಡೆ ಹೊರಳಿಸುತ್ತಿದ್ದಿರಿ?