‘ಆಮೇಲೆ’ ಎಂಬ ಫೋಲ್ಡರು

ನಮ್ಮ ಮನೆಯವರ ಫೋನು ಕೆಟ್ಟರೆ ಅದಕ್ಕೆ ನಾನೇ ಹೊಣೆ. ಈ ಕೆಲಸಕ್ಕೆ ನನ್ನನ್ನು ಯಾರು ನೇಮಿಸಿದರೋ ದೇವರಿಗೇ ಗೊತ್ತು. ಬಸ್ ಕಂಪನಿಯ ದೂರು ವಿಭಾಗದಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ‘ಬಸ್ಸು ನಿಲ್ಲಿಸಲಿಲ್ಲ’, ‘ಸೀಟಿನ ಮೊಳೆಗೆ ಪ್ಯಾಂಟು ಹರಿಯಿತು’ ಎಂದು ಕೇಳಿ ಕೇಳಿ ತಲೆ ಚಿಟ್ಟು ಹಿಡಿಸಿಕೊಂಡು ಬಂದರೆ, ಮನೆಯವರ ದೂರುಗಳು ಶುರು. ಅಮ್ಮನ ಫೋನಿನಲ್ಲಿ ಜಾಗವಿಲ್ಲ. ತೆಗೆದು ನೋಡಿದರೆ ಅವಳದೇ ಹೆಬ್ಬೆರಳಿನ ನಾನೂರು ಫೋಟೋ. ಭಾವನಿಗೆ ಎರಡು ದಿನದಿಂದ ಯಾರೂ ಕರೆ ಮಾಡಿಲ್ಲವಂತೆ. ನೋಡಿದರೆ ಪರದೆಯ ಮೂಲೆಯಲ್ಲಿ ವಿಮಾನದ ಚಿತ್ರ ಕೂತಿದೆ. “ಎಲ್ಲಿಗೆ ಹಾರ್ತಾ ಇದ್ದೀರಿ ಭಾವ?” ಅಂದರೆ, “ನಾನೇನೂ ಒತ್ತಿಲ್ಲಮ್ಮ, ಅದರಷ್ಟಕ್ಕೆ ಅದೇ ಆಗಿದೆ” ಅನ್ನುತ್ತಾರೆ. ಎಲ್ಲರ ಫೋನಿನಲ್ಲೂ ಎಲ್ಲವೂ ಅದರಷ್ಟಕ್ಕೆ ಅದೇ ಆಗುತ್ತದೆ! ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅಕ್ಕ ಮಾತ್ರ ಇಂಥದ್ದಕ್ಕೆ ಕರೆ ಮಾಡುವುದು ಅಪರೂಪ. ಅವಳು ನಾಟಕದವರಿಗೆ ಬಟ್ಟೆ ಹೊಲಿಯುವವಳು. ರಾಜನ ಕೋಟನ್ನೂ ಭಿಕ್ಷುಕನ ಚಿಂದಿಯನ್ನೂ ಒಂದೇ ಶ್ರದ್ಧೆಯಿಂದ ಹೊಲಿಯುತ್ತಾಳೆ. ಪರದೆಯ ಹಿಂದೆ ಹನ್ನೆರಡು ಸೆಕೆಂಡಿನಲ್ಲಿ ರಾಣಿ ದಾಸಿಯಾಗಿ ಬರಬೇಕೆಂದರೆ ಬೆನ್ನಿನ ಹೊಲಿಗೆಯಲ್ಲಿ ಪ್ರೆಸ್ ಬಟನ್ ಹೇಗೆ ಅಡಗಿಸಬೇಕು ಎಂಬುದು ಅವಳ ಕೈಗೇ ಗೊತ್ತು. ಹೊರಗಿನ ಊರುಗಳ ತಂಡದವರು ಮೇಲ್‌ನಲ್ಲಿ ಅಳತೆ ಕಳಿಸುತ್ತಾರೆ, ಇವಳು ಹೊಲಿದು ಪಾರ್ಸಲ್ ಮಾಡುತ್ತಾಳೆ. ಹೋದ ವರ್ಷ ಮೆಟ್ಟಿಲಿನಿಂದ ಜಾರಿ ಬಲಗೈ ಮುರಿದುಕೊಂಡು ಎರಡು ತಿಂಗಳು ಸುಮ್ಮನೆ ಕೂತಿದ್ದಳು. ಕೈ ಕೂಡಿ ಹತ್ತು ತಿಂಗಳಾಗಿತ್ತು. “ಕೆಲಸ ಹೇಗಿದೆ?” ಎಂದು ಕೇಳಿದಾಗಲೆಲ್ಲ “ನಡೀತಿದೆ” ಎಂದು ಮಾತು ಬದಲಿಸುತ್ತಿದ್ದಳು. ನಾನೂ ಕೆದಕಲು ಹೋಗಿರಲಿಲ್ಲ.

ಶನಿವಾರ ಮಧ್ಯಾಹ್ನ ಅವಳದೇ ಕರೆ. “ಬಿಡುವಾಗಿದ್ದೀಯಾ? ಮೇಲ್ ಹೋಗ್ತಾನೇ ಇಲ್ಲ ಕಣೇ. ಫೋಟೋ ಕಳಿಸ್ಬೇಕಿತ್ತು.”

“ಯಾವ ಫೋಟೋ?”

“ಮೆಷಿನ್ದು. ಮಾರ್ತಾ ಇದ್ದೀನಿ. ನಾಲ್ಕು ಗಂಟೆಗೆ ತಗೊಳ್ಳೋರು ಬರ್ತಾರೆ. ಹೊರಡೋಕೆ ಮುಂಚೆ ಫೋಟೋ ನೋಡ್ಬೇಕಂತೆ.”

ಹಳೇ ಕಬ್ಬಿಣದ ಬೀರು ಮಾರುತ್ತೇನೆ ಅನ್ನುವಷ್ಟು ಸಲೀಸಾಗಿ ಹೇಳಿಬಿಟ್ಟಳು. ನಾನು ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದೆ.

ಹೋಗಿ ನೋಡುತ್ತೇನೆ, ಅವಳ ಹೊಲಿಗೆಯ ಕೋಣೆಯ ಗುರುತೇ ಸಿಗಲಿಲ್ಲ. ಕತ್ತರಿಸುವ ಮೇಜಿನ ಮೇಲೆ ಒಂದು ಎಳೆ ದಾರವಿಲ್ಲ. ಆ ಮೇಜಿನ ಬಣ್ಣ ಹಸಿರು ಎಂದು ನನಗೆ ಗೊತ್ತಾದದ್ದೇ ಅವತ್ತು. ಅಳತೆಯ ಗೊಂಬೆಗಳೆರಡೂ ಬೋಳು ಮೈಯಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದವು. ಕಿಟಕಿಯ ಹತ್ತಿರ ಮೆಷಿನ್ನು, ಒರೆಸಿ ಎಣ್ಣೆ ಹಾಕಿ ಫಳಫಳ ಅನ್ನುತ್ತಿತ್ತು. ಇಪ್ಪತ್ತೆರಡು ವರ್ಷ ಅವಳ ಜೊತೆ ದುಡಿದ ಮೆಷಿನ್ನು.

“ಯಾಕೆ ಮಾರ್ತಿದ್ದೀಯಾ?”

“ಸಾಕಾಯ್ತು. ಮೊದಲು ಫೋನ್ ನೋಡು.”

ನೋಡಿದೆ. ಇಪ್ಪತ್ತಾರು ಫೋಟೋಗಳನ್ನು ಒಂದೇ ಮೇಲ್‌ಗೆ ತುರುಕಿದ್ದಳು. ಸೂಜಿಯ ಮೂತಿಯದೇ ಒಂಬತ್ತು. “ಇದೇನು ಮೆಷಿನ್ ಮಾರ್ತಿದ್ದೀಯೋ, ಅದಕ್ಕೆ ಗಂಡು ಹುಡುಕ್ತಿದ್ದೀಯೋ?” ಎಂದು ರೇಗಿದೆ. ಅಷ್ಟು ದೊಡ್ಡ ಫೋಟೋಗಳು ಒಟ್ಟಿಗೆ ಹೋಗುವುದಿಲ್ಲ, ಸಣ್ಣದು ಮಾಡಿ ನಾಲ್ಕು ನಾಲ್ಕಾಗಿ ಕಳಿಸಬೇಕು ಎಂದು ಉಪದೇಶ ಮಾಡಿ, ಎಂಟನ್ನು ಆರಿಸಿ ಕಳಿಸಿದೆ. ಹೋದವು. ಮೇಲ್ ಬರುವುದೂ ಸರಿಯಾಗಿದೆಯೇ ನೋಡೋಣ ಎಂದು ನನ್ನ ಫೋನಿನಿಂದ ಅವಳಿಗೆ ‘ಪರೀಕ್ಷೆ’ ಎಂದು ಒಂದು ಮೇಲ್ ಹಾಕಿದೆ.

ಅವಳ ಫೋನು ಸದ್ದು ಮಾಡಲಿಲ್ಲ. ನನ್ನ ಫೋನು ಟಿಂಗ್ ಎಂದಿತು.

‘ನಮಸ್ಕಾರ. ಅಕ್ಕನ ಬಲಗೈ ಮುರಿದಿದೆ. ಪೂರ್ತಿ ಗುಣವಾದ ಮೇಲೆ ಅವರೇ ನಿಮಗೆ ಬರೆಯುತ್ತಾರೆ. ಅಲ್ಲಿಯವರೆಗೆ ಫೋನ್ ಮಾಡಿ ತೊಂದರೆ ಕೊಡಬಾರದಾಗಿ ವಿನಂತಿ. ಇತಿ, ಅವರ ತಂಗಿ.’

ಇನ್ನೊಮ್ಮೆ ಓದಿದೆ.

ಬರೆದವಳು ನಾನೇ. ಕೈಗೆ ಪ್ಲಾಸ್ಟರ್ ಹಾಕಿದ್ದಾಗ ಒಂದೊಂದು ಮೇಲ್ ಬಂದಾಗಲೂ ಇವಳು ಎಡಗೈಯಲ್ಲೇ ಕತ್ತರಿ ಹಿಡಿಯಲು ಹೊರಡುತ್ತಿದ್ದಳು. ಡಾಕ್ಟರು ಬೈದಿದ್ದರು. ಅದಕ್ಕೇ ನಾನು, ಮಹಾ ಬುದ್ಧಿವಂತೆ, ಪರಿಚಯದವರ ಮೇಲ್ ಬಂದರೆ ಫೋನೇ ಈ ಉತ್ತರ ಕಳಿಸಿ, ಬಂದದ್ದನ್ನು ‘ಆಮೇಲೆ’ ಎಂಬ ಫೋಲ್ಡರಿಗೆ ಸದ್ದಿಲ್ಲದೆ ಹಾಕುವಂತೆ ಮಾಡಿದ್ದೆ. ಪ್ಲಾಸ್ಟರ್ ತೆಗೆದ ದಿನ ಇದನ್ನೂ ತೆಗೆಯಬೇಕಿತ್ತು. ಮರೆತೇಬಿಟ್ಟಿದ್ದೆ. ಆ ಫೋಲ್ಡರ್ ತೆರೆದೆ. ಅರವತ್ತಮೂರು ಮೇಲ್. ಒಂದನ್ನೂ ಯಾರೂ ಓದಿಲ್ಲ.

ಮೂರೂವರೆ ಗಂಟೆ. ಅಕ್ಕ ಮೆಷಿನ್ನಿನ ಪೆಡಲ್ಲನ್ನು ಮತ್ತೊಮ್ಮೆ ಒರೆಸುತ್ತಿದ್ದಳು. ಸತ್ಯ ಹೇಳುತ್ತೇನೆ, ಒಂದು ಗಳಿಗೆ ನನ್ನ ಮನಸ್ಸು ಕಳ್ಳದಾರಿ ಹಿಡಿಯಿತು. ಮೆಲ್ಲಗೆ ಎಲ್ಲವನ್ನೂ ಸರಿಮಾಡಿ, ‘ಅಯ್ಯೋ ಅಕ್ಕ, ಅದರಷ್ಟಕ್ಕೆ ಅದೇ ಆಗಿದೆ ನೋಡು’ ಅಂದುಬಿಟ್ಟರೆ ಅವಳು ನಂಬುತ್ತಿದ್ದಳು. ನಾನು ಏನು ಹೇಳಿದರೂ ನಂಬುತ್ತಾಳೆ. ಆ ಯೋಚನೆಗೇ ನನಗೆ ನಾಚಿಕೆಯಾಯಿತು.

“ಅಕ್ಕ, ಕೂತ್ಕೋ. ನಾನೊಂದು ಎಡವಟ್ಟು ಮಾಡಿದ್ದೀನಿ.”

ಎಲ್ಲ ಹೇಳಿದೆ. ಅಕ್ಕ ಕೇಳುತ್ತಾ ಕೂತಳು. ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

“ಬೈಯಿ ಅಕ್ಕ,” ಎಂದೆ. “ಎರಡು ಬಾರಿಸು ಬೇಕಾದ್ರೆ. ಆದ್ರೆ ಇಷ್ಟು ತಿಂಗಳು ಮೇಲ್ ಬರ್ತಿಲ್ಲ ಅಂತ ನನಗೆ ಒಂದು ಮಾತು ಹೇಳ್ಬಾರದಿತ್ತಾ?”

“ಹೇಳಿದ್ದೆ,” ಎಂದಳು. “ಎರಡು ಸಲ ಹೇಳಿದ್ದೆ. ಎರಡನೇ ಸಲ ನೀನು ಆಫೀಸಲ್ಲಿದ್ದೆ. ‘ಬರ್ತಿಲ್ಲ ಅಂದ್ರೆ ಯಾರೂ ಕಳಿಸಿಲ್ಲ ಅಂತ ಅರ್ಥ ಅಕ್ಕ’ ಅಂತ ಹೇಳಿ ಫೋನ್ ಇಟ್ಟುಬಿಟ್ಟೆ.”

ನನಗೆ ನೆನಪಿರಲಿಲ್ಲ. ಆದರೆ ಅದು ನನ್ನದೇ ಮಾತು, ಅನುಮಾನವೇ ಇಲ್ಲ. ದಿನಕ್ಕೆ ಹತ್ತು ಜನಕ್ಕೆ ಆ ದನಿಯಲ್ಲೇ ಹೇಳುತ್ತೇನೆ.

“ನಾನೂ ಹಾಗೇ ಅಂದ್ಕೊಂಡೆ,” ಎಂದಳು ಅಕ್ಕ. “ಕೂದಲೆಣ್ಣೆ ಮಾರೋರ ಮೇಲ್ ದಿನಾ ಬರ್ತಿತ್ತು. ಅಂದ್ರೆ ಮೇಲ್ ಸರಿಯಾಗೇ ಇದೆ. ನಾನೇ ಯಾರಿಗೂ ಬೇಡವಾದೆ ಅಂತ. ಇದನ್ನ ಯಾರ ಹತ್ರ ಹೇಳ್ಕೊಳ್ಳಲಿ?”

ಅವಳ ಪಕ್ಕದಲ್ಲಿ ಕೂತು ಕಣ್ಣೊರೆಸಿಕೊಂಡೆ.

“ಅತ್ತಿದ್ದು ಸಾಕು. ಓದು,” ಎಂದಳು. “ಅಕ್ಷರ ಸಣ್ಣ ಇದೆ, ನನಗೆ ಕಾಣಲ್ಲ.”

ಮೊದಲು ಆ ತಾನಾಗೇ ಹೋಗುವ ಉತ್ತರವನ್ನು ತೆಗೆದುಹಾಕಿ, ಹಳೆಯ ಮೇಲ್‌ನಿಂದ ಶುರುಮಾಡಿದೆ. ಒಬ್ಬರು ಆರು ಸಿಪಾಯಿಗಳ ಅಳತೆ ಕಳಿಸಿದ್ದರು, ಎರಡು ವಾರ ಕಾದು ಬೇರೆ ಕಡೆ ಹೋಗಿದ್ದರು. ಇನ್ನೊಬ್ಬರು ಸಿಂಹದ ಬಾಲ ಕೇಳಿದ್ದರು. ಎಷ್ಟೋ ಜನ ಬರೀ ‘ಕೈ ಹೇಗಿದೆ?’ ಎಂದು ವಿಚಾರಿಸಿದ್ದರು. ಕೈತಪ್ಪಿದ ಒಂದೊಂದು ಕೆಲಸಕ್ಕೂ ಅಕ್ಕ ‘ಛೆ’ ಎನ್ನುತ್ತಿದ್ದಳು. ಅವಳ ಛೆಗಳನ್ನು ಎಣಿಸುವ ಧೈರ್ಯ ನನಗಿರಲಿಲ್ಲ.

ಕೊನೆಯದು ಐದು ದಿನದ ಹಿಂದಿನದು. ಅವಳ ಹಳೆಯ ಗಿರಾಕಿ, ಒಂದು ತಂಡದ ಬಟ್ಟೆಬರೆ ನೋಡಿಕೊಳ್ಳುವ ಹೆಂಗಸು ಬರೆದದ್ದು. ‘ನಾಲ್ಕು ಸಲ ಬರೆದೆ. ನಾಲ್ಕು ಸಲವೂ ಕೈ ಮುರಿದಿದೆ ಎಂದೇ ಉತ್ತರ. ಎಂಥ ಪೆಟ್ಟೋ ಏನೋ ಎಂದು ನಮಗೆಲ್ಲ ಹೆದರಿಕೆಯಾಗಿದೆ. ರಾಣಿಯ ಉಡುಪನ್ನು ಬೇರೆಯವರ ಹತ್ತಿರ ಹೊಲಿಸಿದೆವು. ಮೊದಲ ಪ್ರಯೋಗದಲ್ಲೇ ಅದರ ಬೆನ್ನಿನ ಹೊಲಿಗೆ ಬಿಚ್ಚಿಕೊಳ್ಳಲಿಲ್ಲ. ದಾಸಿ ಜರಿ ನಿಲುವಂಗಿಯಲ್ಲೇ ಬಂದು ನೆಲ ಗುಡಿಸಿದಳು. ಜನ ಬಿದ್ದು ಬಿದ್ದು ನಕ್ಕರು. ಅದು ದುಃಖದ ದೃಶ್ಯ. ನಿಮ್ಮ ಕೈ ಸರಿಯಾಗುವವರೆಗೆ ಆ ನಾಟಕ ಆಡುವುದಿಲ್ಲ ಎಂದು ತೀರ್ಮಾನಿಸಿದ್ದೇವೆ. ಅವಸರವಿಲ್ಲ, ಕಾಯುತ್ತೇವೆ.’

ಅಕ್ಕ ಮೊದಲು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಾ ನಗುತ್ತಾ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಬಿಕ್ಕಿದಳು. “ಕಾಯ್ತಾರಂತೆ ಕಣೇ,” ಎಂದಳು. “ನನಗೋಸ್ಕರ.”

ಬಾಗಿಲ ಗಂಟೆ ಸದ್ದಾಯಿತು. ಮೆಷಿನ್ ಕೊಳ್ಳುವವರು, ಗಡಿಯಾರ ನೋಡಿಕೊಂಡು ಬಂದವರ ಹಾಗೆ ಸರಿಯಾಗಿ ನಾಲ್ಕಕ್ಕೆ. ನಾನು ಏಳುವಷ್ಟರಲ್ಲಿ ಅಕ್ಕನೇ ಹೋದಳು. “ಕ್ಷಮಿಸಿ, ಮೆಷಿನ್ ಕೊಡೋದಿಲ್ಲ. ತುಂಬಾ ಕೆಲಸ ಇದೆ,” ಎಂದು ಹೇಳುವುದು ಕೇಳಿಸಿತು. ಆತ ಏನೋ ಗೊಣಗಿದ. “ನಿಮ್ಮನ್ನ ಸುಮ್ಮನೆ ಓಡಾಡಿಸಿದ್ದಕ್ಕೆ ನನ್ನ ತಂಗಿನ ಬೈಕೊಳ್ಳಿ, ಒಳಗೇ ಇದ್ದಾಳೆ,” ಎಂದಳು.

ಬಂದವಳು ಗೊಂಬೆಗಳನ್ನು ಹಿಡಿದು ಕೋಣೆಯ ಕಡೆ ತಿರುಗಿಸಿದಳು, ಪೆಟ್ಟಿಗೆಯಿಂದ ದಾರದ ಉಂಡೆಗಳನ್ನು ಮೇಜಿನ ಮೇಲೆ ಸುರಿದಳು. ಹಸಿರು ಬಣ್ಣ ಮುಚ್ಚಿಹೋಯಿತು.

“ಆ ಹೆಂಗಸಿಗೆ ಉತ್ತರ ಬರಿ. ನಾನು ಹೇಳಿದ್ದು ಹೇಳಿದ ಹಾಗೇ ಬರಿ. ನಿನ್ನ ಬುದ್ಧಿ ಏನೂ ಸೇರಿಸ್ಬೇಡ.”

“ಹೇಳು.”

“‘ನಮಸ್ಕಾರ. ರಾಣಿಯ ಅಳತೆ ಕಳಿಸಿ. ನನ್ನ ಕೈ ಹೋದ ವರ್ಷವೇ ಸರಿಯಾಗಿದೆ. ತಂಗಿ ಮಾತ್ರ ಇನ್ನೂ ಸರಿಯಾಗಿಲ್ಲ.’”

ಒಂದಕ್ಷರ ಬಿಡದೆ ಬರೆದು ಕಳಿಸಿದೆ.