ಅಣ್ಣನ ಅಚ್ಚುಕಟ್ಟು

ನನ್ನ ಅಣ್ಣನಿಗೆ ಅಚ್ಚುಕಟ್ಟಿನ ಹುಚ್ಚು. ಬಾಗಿಲ ಬಳಿ ಚಪ್ಪಲಿಗಳೂ ಸಾಲು ತಪ್ಪುವಂತಿಲ್ಲ. ನಮ್ಮದು ಕಾರಿಗೆ ಸ್ಪೀಕರ್, ಆಂಪ್ಲಿಫೈಯರ್ ಕೂರಿಸುವ ಅಂಗಡಿ. ಅತ್ತಿಗೆ ಗಲ್ಲಾದಲ್ಲಿ, ಅಣ್ಣ ಗಿರಾಕಿಗಳ ಜೊತೆ, ನಾನು ಕಾರಿನೊಳಗೆ ತಲೆಕೆಳಗಾಗಿ. ಸೀಟು, ಕಾರ್ಪೆಟ್ಟು ಬಿಚ್ಚುವ, ಮತ್ತೆ ಕೂರಿಸುವ ಕೆಲಸ ಮಾತ್ರ ಅಣ್ಣನದೇ. ನಾನು ಸ್ಕ್ರೂ ಕಳೆಯುತ್ತೇನಂತೆ.

ಕಿವಿ ಡಾಕ್ಟರಮ್ಮನ ಕಾರು ಆಗಲೇ ಎರಡು ಸಲ ವಾಪಸ್ ಬಂದಿತ್ತು. ಹಾಡಿನ ಹಿಂದೆ ಕುಂಯ್ ಎನ್ನುವ ಸದ್ದು. ಆಕ್ಸಿಲರೇಟರ್ ಒತ್ತಿದಷ್ಟೂ ಏರುತ್ತಿತ್ತು. ಬೇರೆಯವರಾಗಿದ್ದರೆ ವಾಲ್ಯೂಮ್ ಹೆಚ್ಚಿಸಿ ಸುಮ್ಮನಾಗುತ್ತಿದ್ದರು. ಇವರು ದಿನವಿಡೀ ಊರವರ ಕಿವಿ ಪರೀಕ್ಷಿಸುವವರು.

"ಕೇಬಲ್ ಸರಿಯಿಲ್ಲ ಅಣ್ಣ," ಅಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಇನ್ನೊಂದ್ಸಲ ವಾಪಸ್ ಬಂತೋ, ಹೊರಗಿನ ಮೆಕ್ಯಾನಿಕ್‌ನ ಕರೆಸ್ತೀನಿ. ನೀನು ಸೀಟ್ ಕವರ್ ಮಾರ್ಕೊಂಡು ಕೂತ್ಕೋ."

ನನಗೆ ಮೈಯೆಲ್ಲ ಉರಿದುಹೋಯಿತು. ಸೀಟ್ ಕವರ್! ಕಾರಿನ ಹೊಟ್ಟೆಯಲ್ಲಿ ತಂತಿ ಎಳೆಯುವುದು ಬಿಟ್ಟು ಬೇರೆ ಕೆಲಸ ನನಗೆ ಇಷ್ಟವೂ ಇಲ್ಲ, ಬರುವುದೂ ಇಲ್ಲ.

ಸಿಗ್ನಲ್ ಕೇಬಲ್ ಅಂದರೆ ಸ್ಟೀರಿಯೋದಿಂದ ಡಿಕ್ಕಿಯಲ್ಲಿರುವ ಆಂಪ್ಲಿಫೈಯರ್‌ಗೆ ಹಾಡು ಒಯ್ಯುವ ತಂತಿ. ಮೊದಲ ಸಲ ಹಾಕಿದ್ದು ಅಗ್ಗದ್ದು. ಎರಡನೆಯದನ್ನು ಅಣ್ಣನೇ ಆರಿಸಿದ್ದ: ಹೆಬ್ಬೆರಳು ದಪ್ಪ, ಬೆಳ್ಳಿ ಬಣ್ಣ. ಕತ್ತರಿಸಿ ನೋಡಿದರೆ ದಪ್ಪವೆಲ್ಲ ರಬ್ಬರು, ಒಳಗೆ ಕೂದಲೆಳೆಯಂಥ ತಂತಿ. ಮೇಲೆ ಥಳುಕು, ಒಳಗೆ ಹುಳುಕು. ಈ ಸಲ ನಾನು ಹಟ ಹಿಡಿದು ತೆಳ್ಳನೆಯದೊಂದು ಆರಿಸಿದೆ. ಅದರೊಳಗೆ ಎರಡು ತಂತಿಗಳು ಹಗ್ಗದಂತೆ ಹೊಸೆದುಕೊಂಡಿರುತ್ತವೆ. ಹೊರಗಿನ ಗದ್ದಲ ಎರಡಕ್ಕೂ ಸಮನಾಗಿ ತಾಗುವುದರಿಂದ ಆಂಪ್ಲಿಫೈಯರ್ ಅದನ್ನು ಕಳೆದುಹಾಕಬಲ್ಲದು.

"ಇಷ್ಟು ಸಣಕಲಾ?" ಅಂದ ಅಣ್ಣ.

"ಹಾಡು ಹೊರೋಕೆ ಪೈಲ್ವಾನ್ ಬೇಕಾ?"

ಬ್ಯಾಟರಿಯ ದಪ್ಪ ಪವರ್ ವೈರು ಎಡಗಡೆಯ ಬಾಗಿಲುಗಳ ಕೆಳಗೆ ಹೋಗುತ್ತದೆ; ಎಂಜಿನ್ನಿನ ಗದ್ದಲ ಪಕ್ಕದ ತಂತಿಗೆ ಅಂಟುವುದು ಅದರಿಂದಲೇ. ಎಂದಿನಂತೆ ಅದರಿಂದ ದೂರ, ಕಾರಿನ ನಡುವೆ, ಜಾಗ ಸಿಕ್ಕಲ್ಲಿ ಕೇಬಲನ್ನು ಸೊಟ್ಟಪಟ್ಟ ಎಳೆದೆ. ಎಂಜಿನ್ ಹಾಕಿ ನೋಡಿದೆ. ಹಿಂದಿನೆರಡು ಸಲ ನನ್ನ ಕೈಯಲ್ಲಿ ಸಣ್ಣಗಿದ್ದ ಸದ್ದು ಡಾಕ್ಟರಮ್ಮನ ಮನೆ ಸೇರುವಷ್ಟರಲ್ಲಿ ದೊಡ್ಡದಾಗಿತ್ತು. ಈ ಸಲ ಸದ್ದೇ ಇಲ್ಲ. ಕುಣಿಯುತ್ತಾ ಕೈತೊಳೆಯಲು ಹೋದೆ.

ವಾಪಸ್ ಬಂದರೆ ಕಾರಿನಿಂದ ಅಣ್ಣನ ಕಾಲುಗಳು ಚಾಚಿಕೊಂಡಿವೆ. ನನ್ನ ಕೇಬಲನ್ನು ಎಡಕ್ಕೆ ಎಳೆದು, ಪವರ್ ವೈರಿನ ಜೊತೆ ಸೇರಿಸಿ, ಗೇಣಿಗೊಂದು ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತಿದ್ದಾನೆ. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು!

"ಏನ್ ಮಾಡ್ತಿದೀಯ?"

"ನೀಟಾಗಿ ಕಟ್ತಿದೀನಿ. ಪ್ರತಿ ಸಲಾನೂ ನಾನೇ ಕಟ್ಟೋದು. ಯಾರಾದ್ರೂ ಕಾರ್ಪೆಟ್ ಎತ್ತಿ, ನಿನ್ನ ಕೆಲಸ ನೋಡಿ ನಗಬಾರ್ದಲ್ಲ."

ಸಿಟ್ಟೂ ಪ್ರೀತಿಯೂ ಒಟ್ಟಿಗೇ ಬಂದವು. ಯಾವುದನ್ನು ಮೊದಲು ಆಡುವುದೋ ತಿಳಿಯಲಿಲ್ಲ.

"ಸ್ಟಾರ್ಟ್ ಮಾಡು," ಅಂದೆ.

ಮಾಡಿದ. ಸಣ್ಣಗೆ ಕುಂಯ್ ಎಂದಿತು. ನಾನು ಪಟ್ಟಿಗಳನ್ನು ಕತ್ತರಿಸಿ ಕೇಬಲನ್ನು ನಡುವಿಗೆ ಎಳೆದೆ. ಸದ್ದು ಅಡಗಿತು. ಅಣ್ಣ ಬೆಪ್ಪಾದ.

"ಅಂದ್ರೆ ಇಷ್ಟು ದಿನ... ನಾನೇನಾ?"

"ನೆಲ ಡೊಂಕಿದ್ದದ್ದು ನಿಜ ಅಂತ ಗೊತ್ತಾಯ್ತಾ?"

ಸಂಜೆ ಡಾಕ್ಟರಮ್ಮ ಬಂದು, ಕಣ್ಣು ಮುಚ್ಚಿ ಕೇಳಿ, ಸದ್ದಿಲ್ಲವೆಂದು ತಲೆದೂಗಿದರು. ಅಷ್ಟಕ್ಕೇ ಹೋಗಬಾರದೇ? ಕಾರ್ಪೆಟ್ಟಿನ ಅಂಚು ಎತ್ತಿದರು.

"ಇದೇನು, ಹೀಗೆ ಸೊಟ್ಟಪಟ್ಟ ಎಳೆದಿದೀರ? ಸ್ವಲ್ಪ ನೀಟಾಗಿ ಕಟ್ಟಿಕೊಡಬಾರದಾ?"

ಅಣ್ಣನ ಕೈ ಪಟ್ಟಿಗಳಿದ್ದ ಜೇಬಿಗೆ ಹೋಯಿತು. ನಾನು ಅವನನ್ನೇ ನೋಡಿದೆ. ಕೈ ಖಾಲಿಯಾಗಿ ಹೊರಬಂತು.

"ಬೇಡ ಮೇಡಂ," ಅಂದ. "ಅದು ನನ್ನ ತಂಗಿ ಎಳೆದಿರೋದು. ಯಾರೂ ಮುಟ್ಟಬಾರ್ದು."

ಆಮೇಲೆ ಬಗ್ಗಿ, ಕಾಲಡಿಯ ಮ್ಯಾಟನ್ನು ಮಾತ್ರ ನೇರ ಮಾಡಿದ.